ಸುಕುಮಾರ್ ರಾವ್ ಎಂಬ ಮನುಷ್ಯ ಸತ್ತಿಲ್ಲ

ತಾಲ್ಲೂಕು ಕಚೇರಿಯ ಮಾನ್ಯ ಅಧಿಕಾರಿಗಳೇ,

ನಿಮ್ಮ ಮರಣ ನೋಂದಣಿ ಪುಸ್ತಕದಲ್ಲಿ, ಕಳೆದ ಫೆಬ್ರವರಿ ತಿಂಗಳ ಪುಟದಲ್ಲಿ, 'ಸುಕುಮಾರ್ ರಾವ್, ಪ್ರಾಯ ಸುಮಾರು ಮೂವತ್ತೈದು, ಅಸ್ಸಾಂ ರಾಜ್ಯ' ಎಂಬ ಒಂದು ನಮೂದು ಇದೆ. ಆ ಮನುಷ್ಯ ಸತ್ತಿಲ್ಲ. ಸಾಯುವುದಕ್ಕೆ ಅವನು ಹುಟ್ಟಿಯೇ ಇರಲಿಲ್ಲ. ಅವನನ್ನು ಹುಟ್ಟಿಸಿದವಳು ನಾನು. ನಿಮ್ಮ ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ, ಡಿಸೆಂಬರ್ ತಿಂಗಳ ಒಂದು ಮಧ್ಯಾಹ್ನ, ಊಟಕ್ಕೆ ಹೊತ್ತಾಯಿತೆಂಬ ಅವಸರದಲ್ಲಿ. ಆ ಹೆಸರಿನಲ್ಲಿ ಮಣ್ಣಾದವನು ಝಾರ್ಖಂಡದ ಗುಮ್ಲಾ ಜಿಲ್ಲೆಯ ಸುಕ್ರಾ ಓರಾಂವ್. ಅವನ ಹೆಂಡತಿ ಫೂಲ್ಮನಿ ಜೂನ್ ತಿಂಗಳಲ್ಲಿ ಇಷ್ಟು ದೂರ ಬಂದು, ನನ್ನ ಗಂಡನ ಹೆಸರನ್ನು ಸರಿಮಾಡಿಕೊಡಿ ಎಂದು ನಿಮ್ಮನ್ನು ಕೇಳಿಕೊಂಡಳು. ಇಂದಿಗೂ ಸರಿಯಾಗಿಲ್ಲ. ನನ್ನ ದೂರು ಇದೇ. ಆದರೆ ನಿಮ್ಮ ಮೇಲೆ ಹೇಳುವ ಮೊದಲು ನನ್ನ ಮೇಲೆ ಹೇಳಿಕೊಳ್ಳಬೇಕಾದದ್ದು ಹೆಚ್ಚಿದೆ. ದಯವಿಟ್ಟು ಕೊನೆಯವರೆಗೆ ಓದಬೇಕು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರರಲ್ಲಿ ಯಾವ ಕಚೇರಿಗೆ ಬರೆಯುತ್ತಿದ್ದೇನೆಂದು ಬೇಕೆಂದೇ ಹಾಕಿಲ್ಲ. ಮೂರೂ ಕಚೇರಿಗಳ ಎದುರು ನನ್ನಂಥವರ ಅಂಗಡಿಗಳಿವೆ. ಮೂರೂ ತಾಲ್ಲೂಕಿನ ತೋಟಗಳಲ್ಲಿ ಸುಕ್ರಾನಂಥವರಿದ್ದಾರೆ. ಓದುವಾಗ ಯಾರಿಗೆ ಚುಚ್ಚುತ್ತದೋ ಅವರು ತಮಗೇ ಬರೆದದ್ದೆಂದು ತಿಳಿಯಲಿ.

ನನ್ನ ಹೆಸರು ವೀರಬಸಮ್ಮ. ಯಜಮಾನರು ತೀರಿಕೊಂಡ ಮೇಲೆ ಹದಿನಾಲ್ಕು ವರ್ಷಗಳಿಂದ ಈ ಅಂಗಡಿ ನಡೆಸುತ್ತಿದ್ದೇನೆ. ಪಹಣಿ, ಜಾತಿ ಪ್ರಮಾಣ ಪತ್ರ, ಪಿಂಚಣಿ ಅರ್ಜಿ ಎಂದು ನಿಮ್ಮ ಮೇಜಿಗೆ ಬರುವ ಕಾಗದಗಳಲ್ಲಿ ಅರ್ಧದಷ್ಟು ನನ್ನ ಬೆರಳಿನಿಂದಲೇ ಹೊರಟವು. ನನಗೆ ಅದರ ಹೆಮ್ಮೆಯೂ ಇತ್ತು. 'ವೀರಬಸಮ್ಮನ ಹತ್ತಿರ ಟೈಪ್ ಮಾಡಿಸಿದರೆ ಅರ್ಜಿ ವಾಪಸ್ ಬರುವುದಿಲ್ಲ' ಎಂದು ಕಮ್ಮರಡಿಯಿಂದ ಜನ ಹುಡುಕಿಕೊಂಡು ಬರುತ್ತಿದ್ದರು. ಒಂದು ಇನಿಶಿಯಲ್ ಹೆಚ್ಚುಕಮ್ಮಿಯಾದರೆ ಆಸ್ತಿ ಕೈತಪ್ಪುತ್ತದೆ ಎಂದು ಊರಿನವರಿಗೆ ಬುದ್ಧಿ ಹೇಳುತ್ತಿದ್ದವಳು ನಾನೇ.

ಡಿಸೆಂಬರಿನಲ್ಲಿ, ತೋಟಗಳಲ್ಲಿರುವ ಹೊರರಾಜ್ಯದ ಕೆಲಸಗಾರರ ಪಟ್ಟಿ ಕೊಡಬೇಕು, ಪ್ರತಿಯೊಬ್ಬರಿಗೂ ಗುರುತಿನ ಚೀಟಿ ಇರಬೇಕು ಎಂದು ಮೇಲಿಂದ ಸೂಚನೆ ಬಂತಲ್ಲ, ಆಗ ಜಟ್ಟಪ್ಪ ನನ್ನ ಅಂಗಡಿಗೆ ಬಂದರು. ಜಟ್ಟಪ್ಪ ಒಂದು ಕಾಫಿ ತೋಟದ ರೈಟರು. ಕೆಲಸಗಾರರ ಹಾಜರಿ ಬರೆಯುವವರು. ಕೈಯಲ್ಲಿ ಮೂವತ್ತೊಂದು ಫೋಟೋ ಇತ್ತು, ಒಂದು ಕೈಬರಹದ ಹಾಳೆ ಇತ್ತು. ಹಾಳೆಯಲ್ಲಿ ಮೊದಲ ಇಪ್ಪತ್ತು ಜನರ ವಿಳಾಸವಿತ್ತು, ಉಳಿದ ಹನ್ನೊಂದು ಜನರದ್ದು ಬರೀ ಹೆಸರು.

"ಇವ್ರ ಊರು ಯಾವ್ದು ಜಟ್ಟಪ್ಪಣ್ಣ?" ಎಂದೆ.

"ಎಂತ ಗೊತ್ತಾಗತ್ತೆ ಅಕ್ಕಾ. ಆಧಾರ್ ಎಲ್ಲ ಕಂತ್ರಾಟುದಾರನ ಹತ್ರ ಇದೆ, ಅವ್ನು ಫೋನ್ ತೆಗೀತಿಲ್ಲ. ನಾಳೆ ಕೊನೇ ದಿನ. ಮೇಲಿಂದು ಹಂಗೇ ಕೆಳಗೆ ಎಳ್ದುಬಿಡಿ. ಎಲ್ಲ ಅಸ್ಸಾಮಿಗಳೇ ಅಲ್ವಾ?"

ಎಳೆದುಬಿಟ್ಟೆ. ಕಂಪ್ಯೂಟರಿನಲ್ಲಿ ಒಂದು ಮನೆಯ ಮೂಲೆ ಹಿಡಿದು ಕೆಳಗೆ ಜಗ್ಗಿದರೆ ಮೇಲಿನದ್ದೇ ಕೆಳಗಿನ ಮನೆಗಳಿಗೂ ತುಂಬಿಕೊಳ್ಳುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಹನ್ನೊಂದು ಜನರನ್ನು ಅಸ್ಸಾಮಿನ ಒಂದೇ ಹಳ್ಳಿಗೆ ಕಳಿಸಿದೆ. ಅಷ್ಟಕ್ಕೆ ನಿಲ್ಲಿಸಲಿಲ್ಲ. 'ಸುಕ್ರಾ ಓರಾಂವ್' ಎಂಬುದು ನನ್ನ ಕಣ್ಣಿಗೆ ಹೆಸರಿನ ಹಾಗೆ ಕಾಣಲಿಲ್ಲ. ರೈಟರು ತಪ್ಪು ಬರೆದಿರಬೇಕು ಎಂದುಕೊಂಡು ನಾನೇ ತಿದ್ದಿದೆ: ಸುಕುಮಾರ್ ರಾವ್. ಅಸ್ಸಾಮಿನಲ್ಲಿ ಒಬ್ಬ ರಾವ್! ನಗು ಬಂದರೆ ನಗಿ, ಮಾನ್ಯರೇ. ಆ ಪಟ್ಟಿಯನ್ನು ನಿಮ್ಮ ಕಚೇರಿಯೂ ತೆಗೆದುಕೊಂಡಿತು, ಠಸ್ಸೆ ಹಾಕಿತು, ಕಡತದಲ್ಲಿಟ್ಟಿತು. ಮೂವತ್ತೊಂದರಲ್ಲಿ ಹನ್ನೆರಡು ಜನ ಒಂದೇ ಹಳ್ಳಿಯ ಒಂದೇ ಮನೆ ನಂಬರಿನವರು ಹೇಗಾದರು ಎಂದು ನಿಮ್ಮಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲವೇ? ಓದಿದ್ದರೆ ತಾನೇ ಅನುಮಾನ.

ಅದೇ ಪಟ್ಟಿಯಂತೆ ನಾನು ಮಾಡಿಕೊಟ್ಟ ಚೀಟಿಗಳನ್ನು ತೋಟದಲ್ಲಿ ಹಂಚಿದ ವಾರವೇ, ಸಂತೆಯ ದಿನ, ಸುಕ್ರಾ ನನ್ನ ಅಂಗಡಿಗೆ ಬಂದ. ಸಣಕಲು ದೇಹ, ಎಣ್ಣೆ ಹಾಕಿ ಬಾಚಿದ ಕೂದಲು, ಇಸ್ತ್ರಿ ಮಾಡಿದ ನೀಲಿ ಅಂಗಿ. ಮೂರು ವರ್ಷದಿಂದ ಸುಗ್ಗಿಗೆ ಬರುತ್ತಿದ್ದವನು, ಸ್ವಲ್ಪ ಕನ್ನಡ ಕಲಿತಿದ್ದ. ಲ್ಯಾಮಿನೇಷನ್ ಮಾಡಿದ ಚೀಟಿಯನ್ನು ಮೇಜಿನ ಮೇಲಿಟ್ಟು, "ಅಕ್ಕಾ, ಇದು ನಾನು ಅಲ್ಲ" ಎಂದ.

"ಫೋಟೋ ನಿಂದೇ ಅಲ್ವನಾ ಮಾರಾಯ?"

"ಫೋಟೋ ನಾನು. ಹೆಸರು ಬೇರೆ ಆದ್ಮಿ."

ಅಂಗಡಿಯಲ್ಲಿದ್ದ ನಾಲ್ಕು ಜನ ನಕ್ಕರು. ನಾನೂ ನಕ್ಕೆ. ಆಮೇಲೆ ಬಾ, ಈಗ ರಶ್ ಇದೆ ಎಂದು ಕಳಿಸಿದೆ. ಮುಂದಿನ ವಾರ ಮತ್ತೆ ಬಂದ. ಸರ್ವರ್ ಇಲ್ಲ ಎಂದೆ. ಚೀಟಿ ತಿದ್ದುವುದಕ್ಕೆ ಯಾವ ಸರ್ವರೂ ಬೇಡವೆಂದು ಅವನಿಗೇನು ಗೊತ್ತು? ಮೂರನೆಯ ಸಲ ಬಂದಾಗ ಒಂದು ಕಾಗದದ ಚೂರು ತಂದಿದ್ದ. ಯಾರ ಹತ್ತಿರವೋ ಇಂಗ್ಲಿಷಿನಲ್ಲಿ ದುಂಡಗೆ ಬರೆಸಿದ್ದ: ಅವನ ಹೆಸರು, ಅಪ್ಪನ ಹೆಸರು, ಹಳ್ಳಿ, ಠಾಣೆ, ಜಿಲ್ಲೆ, ಮನೆಯ ಫೋನ್ ನಂಬರು. "ಇದು ನೋಡಿ ಬರೀರಿ ಅಕ್ಕಾ. ಟೈಮ್ ಇದ್ದಾಗ" ಎಂದು ಎರಡೂ ಕೈಯಲ್ಲಿ ಕೊಟ್ಟ.

"ಎಲ್ಲ ಒಂದೇ ಅಲ್ವಾ ಮಾರಾಯ, ಯಾರು ನೋಡ್ತಾರೆ ಅದ್ನ!" ಎನ್ನುತ್ತಾ ಆ ಚೂರನ್ನು ಮೇಜಿನ ಖಾನೆಗೆ ಹಾಕಿದೆ. ಅವನು ಒಂದು ಕ್ಷಣ ಖಾನೆಯನ್ನು ನೋಡಿ, ತಲೆಯಾಡಿಸಿ ಹೋದ.

ಫೆಬ್ರವರಿ ನಡುವಿಗೆ ಸುಗ್ಗಿ ಮುಗಿಯಿತು. ಅವನ ಜೊತೆಯವರೆಲ್ಲ ಊರಿಗೆ ಹೊರಟರು. ಸುಕ್ರಾನಿಗೆ ಜ್ವರವಿದ್ದದ್ದರಿಂದ ಎರಡು ದಿನ ಕೂಲಿಯವರ ಲೈನ್ ಮನೆಯಲ್ಲಿ ಮಲಗಿ, ಮೂರನೆಯ ದಿನ ಒಬ್ಬನೇ ಹೊರಟನಂತೆ. ನಮ್ಮ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತವನು ಕೂತಲ್ಲೇ ವಾಲಿದ. ಆಟೋದವರು ಆಸ್ಪತ್ರೆಗೆ ಒಯ್ದರು, ಸಂಜೆಯೊಳಗೆ ಪ್ರಾಣ ಹೋಯಿತು. ಬ್ಯಾಗು, ಫೋನು ಆ ಗದ್ದಲದಲ್ಲಿ ಎಲ್ಲಿ ಹೋದವೋ ಯಾರಿಗೂ ಗೊತ್ತಾಗಲಿಲ್ಲ. ಜೇಬಿನಲ್ಲಿ ಉಳಿದದ್ದು ಒಂದೇ ಒಂದು ಕಾಗದ, ನಾನು ಮಾಡಿಕೊಟ್ಟ ಚೀಟಿ.

ಮರುದಿನ ಬೆಳಿಗ್ಗೆ ಪೊಲೀಸ್ ಪೇದೆಯೊಬ್ಬರು ಆ ಚೀಟಿ ಹಿಡಿದುಕೊಂಡು ನನ್ನ ಅಂಗಡಿಗೆ ಬಂದರು. ತೋಟಕ್ಕೆ ಹೋಗಿ ಕೇಳಿದ್ದಾರೆ, ಜಟ್ಟಪ್ಪ 'ಲಿಸ್ಟಲ್ಲಿ ಇದ್ದಷ್ಟೇ ನಮಗೆ ಗೊತ್ತು' ಎಂದಿದ್ದಾರೆ. ಅಸ್ಸಾಮಿನ ಆ ಠಾಣೆಗೆ ಫೋನ್ ಮಾಡಿದರೆ ಆ ಹೆಸರಿನವರು ಅಲ್ಲಿಲ್ಲ.

"ಇದು ನಿಮ್ಮಲ್ಲೇ ಮಾಡಿದ್ದಲ್ವಾ ಅಮ್ಮ? ವಿಳಾಸ ಸರಿ ಉಂಟಾ? ತಪ್ಪು ದಾಖಲೆ ಮಾಡಿದ್ರೆ ನಿಮ್ಮ ಸೆಂಟರ್ ಲೈಸೆನ್ಸೇ ಹೋಗ್ತದೆ, ನೋಡಿ" ಎಂದರು. ಹೆದರಿಸಲು ಹೇಳಿದ್ದಲ್ಲ, ಮಾತಿಗೆ ಹೇಳಿದ್ದು. ಆದರೆ ನನಗೆ ಕೇಳಿಸಿದ್ದು 'ಲೈಸೆನ್ಸ್' ಎಂಬುದೊಂದೇ.

"ಎಸ್ಟೇಟಿನವ್ರು ಕೊಟ್ಟ ಹಾಗೇ ಟೈಪ್ ಮಾಡಿದ್ದು" ಎಂದೆ.

"ಇವ್ನು ನಿಮಗೆ ಪರಿಚಯ ಇದ್ನಾ?"

"ಇಲ್ಲ."

ಈ ಮಾತು ಆಡುವಾಗ ನನ್ನ ಮೊಣಕಾಲು ಮೇಜಿನ ಖಾನೆಗೆ ತಾಗಿಕೊಂಡಿತ್ತು. ಖಾನೆಯೊಳಗೆ ಅವನ ಹಳ್ಳಿ ಇತ್ತು, ಅವನ ಮನೆಯ ಫೋನ್ ನಂಬರಿತ್ತು. ಪೇದೆ ಚಹಾ ಕುಡಿದು ಹೋಗುವವರೆಗೂ ನಾನು ಕಾಲು ಅಲ್ಲಾಡಿಸಲಿಲ್ಲ. ಅವರು ಹೋದ ಮೇಲೆ ಖಾನೆ ತೆರೆದು ಆ ಚೂರನ್ನು ಓದಿದೆ. ಅವನು ಕೊಟ್ಟ ಮೇಲೆ ಅದನ್ನು ಓದಿದ್ದು ಅದೇ ಮೊದಲು. ಮತ್ತೆ ಒಳಗಿಟ್ಟು, ಈ ಸಲ ಬೀಗ ಹಾಕಿದೆ.

ಇವತ್ತು ಕೊಡೋಣ, ನಾಳೆ ಕೊಡೋಣ ಎಂದು ಎಣಿಸುತ್ತಾ ಒಂಬತ್ತು ದಿನ ಕಳೆದವು. ನಿತ್ಯ ಲಿಂಗಪೂಜೆ ಮಾಡುವವಳು ನಾನು. ಆ ಒಂಬತ್ತು ದಿನವೂ ಪೂಜೆ ತಪ್ಪಿಸಲಿಲ್ಲ, ಊಟ ಬಿಡಲಿಲ್ಲ, ಬಂದವರ ಜೊತೆ ನಗುನಗುತ್ತಾ ಮಾತಾಡಿದೆ. ಭಯ ಒಂದೇ ಕಾರಣ ಎಂದು ಹೇಳಿದರೆ ನಿಮಗೆ ನನ್ನ ಮೇಲೆ ಕನಿಕರ ಬಂದೀತು, ಅದು ಬೇಡ. ಒಳಗೊಂದು ಮಾತು ಓಡುತ್ತಿತ್ತು: ಹೇಗೂ ಸತ್ತಾಗಿದೆ, ಯಾವುದೋ ದೇಶದವನು, ಅವರ ಕಡೆಯವರು ಬಂದಾರೆಯೇ? ಅದೇ ಬೆಂಚಿನ ಮೇಲೆ ಕಮ್ಮರಡಿಯ ಒಬ್ಬರು ವಾಲಿದ್ದರೆ? ಚಹಾ ಆರುವುದರೊಳಗೆ ನಾನೇ ಹತ್ತು ಮನೆಗೆ ಫೋನ್ ಮಾಡಿರುತ್ತಿದ್ದೆ. ನಮ್ಮ ಕಡೆ ಹೊಸ ಮುಖ ಕಂಡರೆ ಮೊದಲು ಕೇಳುವುದೇ 'ಯಾರ ಮನೆಯವ್ರು? ಯಾವ್ ಕಡೆಯಾಯ್ತು?' ಎಂದು. ಕೇಳಿ ಕೇಳಿ, ಕೊನೆಗೆ ಯಾವುದಾದರೂ ಮದುವೆಯ ನಂಟು ಹುಡುಕಿ ತೆಗೆದೇ ತೆಗೆಯುತ್ತೇವೆ. ಆದರೆ ಸಂತೆಯ ದಿನ ಇಡೀ ಪೇಟೆ ತುಂಬುವ ಈ ಜನರನ್ನು ನಾವು ಒಮ್ಮೆಯಾದರೂ ಕೇಳಿದ್ದೇವೆಯೇ? ಅವರು ಕೊಯ್ಯದಿದ್ದರೆ ಕಾಫಿ ಹಣ್ಣು ಗಿಡದಲ್ಲೇ ಒಣಗುತ್ತದೆ. ಬಸ್ಸಿನಲ್ಲಿ ಅವರು ಪಕ್ಕಕ್ಕೆ ಕೂತರೆ ಮಾತ್ರ ನಮಗೆ ಉಸಿರು ಕಟ್ಟುತ್ತದೆ. ಬಂಗಾಳ, ಬಿಹಾರ, ಒಡಿಶಾ, ಝಾರ್ಖಂಡ, ಎಲ್ಲಿಂದ ಬಂದರೂ ನಮ್ಮ ಬಾಯಲ್ಲಿ 'ಅಸ್ಸಾಮಿಗಳು'. ನಾನು ಕಂಪ್ಯೂಟರಿನಲ್ಲಿ ಎಳೆದದ್ದನ್ನು ಇಡೀ ಊರು ಎಂದೋ ನಾಲಿಗೆಯಲ್ಲಿ ಎಳೆದಾಗಿತ್ತು.

ಹತ್ತನೆಯ ದಿನ ವಾರಸುದಾರರಿಲ್ಲದ ಶವವೆಂದು ಸುಕ್ರಾನನ್ನು ಊರಾಚೆಯ ಸ್ಮಶಾನದಲ್ಲಿ ಹೂಳಿದರು. ಮಣ್ಣು ಹಾಕಲು ಹೋದವರು ಪೌರಕಾರ್ಮಿಕರಿಬ್ಬರು, ಮತ್ತೆ ಸುಬ್ಬಿ.

ಸುಬ್ಬಿ ಅದೇ ತೋಟಕ್ಕೆ ಮೂವತ್ತು ವರ್ಷದಿಂದ ಕೆಲಸಕ್ಕೆ ಹೋಗುವ ಹೆಂಗಸು. ವಿಧವಾ ವೇತನದ ಕಾಗದಪತ್ರಕ್ಕೆ ನನ್ನಲ್ಲಿಗೇ ಬರುತ್ತಿದ್ದಳು. ಹೊರಗಿನವರು ಬಂದ ಮೊದಲ ವರ್ಷ, ನಮ್ಮ ಅನ್ನಕ್ಕೆ ಕಲ್ಲು ಹಾಕೋಕೆ ಬಂದ್ರು ಎಂದು ತೋಟದ ಗೇಟಿನಲ್ಲಿ ನಿಂತು ಬೈದವಳು ಅವಳೇ. ಎರಡನೆಯ ವರ್ಷ ಸುಕ್ರಾನಿಗೆ ಕಾಫಿ ಕೊಯ್ಲಿನಲ್ಲಿ ಕನ್ನಡ ಕಲಿಸಿದವಳೂ ಅವಳೇ. ಮಣ್ಣಾದ ಮರುದಿನ ಅಂಗಡಿಗೆ ಬಂದು ಹೇಳಿದಳು: "ಅವ್ನಿಗೆ ಒಂದ್ ಮಗಳಿದೆ ಅಮ್ಮಾ. ಎತ್ವಾರಿ ಅಂತ ಹೆಸ್ರು. ಅವ್ನ ಊರಲ್ಲಿ ಮಣ್ಣು ಕೆಂಪಂತೆ, ನಮ್ದರ ಹಂಗೇ. ಎಲ್ಲ ಹೇಳ್ತಿದ್ದ."

"ಪೊಲೀಸ್ರಿಗೆ ಹೇಳ್ಲಿಲ್ವಾ ನೀನು?"

"ನನ್ನ ಯಾರ್ ಕೇಳಿದ್ರು? ರೈಟ್ರನ್ನ ಕೇಳಿದ್ರು, ನಿಮ್ಮನ್ನ ಕೇಳಿದ್ರು. ಓದಿದವ್ರಿಗೆ ಗೊತ್ತಿರಲ್ವಾ ಅಂತ ನಾನ್ ಸುಮ್ನಾದೆ."

ನಾನು ಪ್ರಿಂಟರಿಗೆ ಹಾಳೆ ತುಂಬಿಸುವ ನೆಪದಲ್ಲಿ ಅವಳಿಗೆ ಬೆನ್ನು ಮಾಡಿದೆ.

ಜೂನಿನ ಮೊದಲ ಮಳೆಯ ವಾರ ಫೂಲ್ಮನಿ ಬಂದಳು. ಜೊತೆಗೆ ಮೈದುನ ನಿತೀಶ್. ಅವನು ಹಿಂದೆ ಬಾಳೆಹೊನ್ನೂರಿನ ಕಡೆ ಎರಡು ವರ್ಷ ಕೆಲಸ ಮಾಡಿದ್ದರಿಂದ ಕನ್ನಡ ಆಡುತ್ತಿದ್ದ. ಸುಕ್ರಾ ಸುಗ್ಗಿ ಮುಗಿಸಿ ಕೇರಳಕ್ಕೆ ಹೋಗಿರಬೇಕೆಂದು ಎರಡು ತಿಂಗಳು ಕಾದಿದ್ದರಂತೆ. ಆಮೇಲೆ ಜೊತೆಯವರನ್ನೆಲ್ಲ ಹುಡುಕಿ, ತೋಟದ ಹೆಸರು ತಿಳಿದುಕೊಂಡು ಇಲ್ಲಿಗೆ ಬಂದಿದ್ದರು. ಠಾಣೆಯಲ್ಲಿ ಶವದ ಫೋಟೋ ತೋರಿಸಿದರು. ಆಕೆ ಗುರುತು ಹಿಡಿದಳು. ಇವನೇ ಸುಕ್ರಾ ಎಂದು ಪೊಲೀಸರು ಬರೆದೂ ಕೊಟ್ಟರು. ಅಲ್ಲಿಂದ ನಿಮ್ಮ ಕಚೇರಿಗೆ ಬಂದರು. ನೀವು 'ಹೆಸರು ತಿದ್ದುಪಡಿಗೆ ಅರ್ಜಿ ಬರೆಸಿಕೊಂಡು ಬನ್ನಿ' ಎಂದು ರಸ್ತೆಯ ಈಚೆಗೆ ಕೈ ತೋರಿಸಿದಿರಿ. ಹೀಗೆ ಆಕೆ ಬಂದು ಕೂತದ್ದು ನನ್ನ ಎದುರಿಗೆ.

ನಿತೀಶ್ ಹೇಳುತ್ತಾ ಹೋದ, ನಾನು ಟೈಪ್ ಮಾಡುತ್ತಾ ಹೋದೆ. 'ಗುರುತಿನ ಚೀಟಿಯಲ್ಲಿ ಕಣ್ತಪ್ಪಿನಿಂದ ಹೆಸರು ತಪ್ಪಾಗಿ ನಮೂದಾಗಿದ್ದು' ಎಂದು ಬರೆದೆ. ಯಾರ ಕಣ್ತಪ್ಪು? ನಿಮ್ಮ ಕಚೇರಿಯ ಭಾಷೆ ಎಷ್ಟು ದಯಾಳು ನೋಡಿ, ಮಾನ್ಯರೇ. ಅದರಲ್ಲಿ ಎಲ್ಲ ತಪ್ಪುಗಳೂ ತಾವಾಗಿ ಆಗುತ್ತವೆ, ಮಾಡಿದವರು ಯಾರೂ ಇರುವುದಿಲ್ಲ. ಹದಿನಾಲ್ಕು ವರ್ಷದಲ್ಲಿ ನಾನು ಆ ಭಾಷೆಯನ್ನು ಚೆನ್ನಾಗಿಯೇ ಕಲಿತಿದ್ದೆ. ಸಹಿಗೆ ಬಂದಾಗ ಹೆಬ್ಬೆಟ್ಟಿನ ಮಸಿಡಬ್ಬಿ ತೆರೆದು ಮುಂದಿಟ್ಟೆ. ಆಕೆ ಅದನ್ನು ಮೆಲ್ಲಗೆ ಬದಿಗೆ ಸರಿಸಿ, ಪೆನ್ನು ತೆಗೆದುಕೊಂಡು, ಹಿಂದಿಯಲ್ಲಿ ಅಕ್ಷರಕ್ಕೆ ಅಕ್ಷರ ಜೋಡಿಸಿ ಚೊಕ್ಕವಾಗಿ ಸಹಿ ಮಾಡಿದಳು. ಎದ್ದು ನಿಂತು ಕೈ ಮುಗಿದು ಏನೋ ಹೇಳಿದಳು.

"ಭಾಭಿ ಹೇಳ್ತಾಳೆ, ಈ ಊರಲ್ಲಿ ನೀವೊಬ್ರೇ ಕೂರಿಸಿ ಮಾತಾಡಿದ್ದು ಅಂತ" ಎಂದ ನಿತೀಶ್.

ನಾನು ಅರ್ಜಿ ಮಡಚಿ ಕೊಟ್ಟೆ. ಆಗಲೂ ಹೇಳಲಿಲ್ಲ.

ಆ ದಿನ ಅವರನ್ನು ಸ್ಮಶಾನಕ್ಕೆ ಕರೆದುಕೊಂಡು ಹೋದವಳು ಸುಬ್ಬಿ. ಗುಂಡಿಯ ಜಾಗ ಗೊತ್ತಿದ್ದದ್ದು ಅವಳಿಗೆ ಮಾತ್ರ. ಒಬ್ಬಳಿಗೆ ಕನ್ನಡ ಬರುವುದಿಲ್ಲ, ಇನ್ನೊಬ್ಬಳಿಗೆ ಬೇರೇನೂ ಬರುವುದಿಲ್ಲ. ಆದರೂ ಬಂದವರಿಬ್ಬರೂ ಸುಬ್ಬಿ ಮನೆಯಲ್ಲೇ ಎರಡು ದಿನ ಇದ್ದರು. ಅವಳ ಮನೆ ಎಷ್ಟು ದೊಡ್ಡದೆಂದು ನನಗೆ ಗೊತ್ತಿದೆ. ಆಶ್ರಯ ಯೋಜನೆಯ ಅರ್ಜಿ ಬರೆದವಳು ನಾನೇ.

ನಿಮ್ಮ ಉತ್ತರ ಹದಿನೈದು ದಿನಕ್ಕೆ ಬಂತು. ಸುಕುಮಾರ್ ರಾವ್ ಮತ್ತು ಸುಕ್ರಾ ಓರಾಂವ್ ಒಬ್ಬರೇ ಎಂದು ಮೃತನ ವಿಳಾಸದ ಊರಿನ ಅಧಿಕಾರಿಗಳಿಂದ ದೃಢೀಕರಣ ತರಬೇಕಂತೆ. ದಾಖಲೆಯ ಪ್ರಕಾರ ಮೃತನ ಊರು ಅಸ್ಸಾಮಿನದು. ಅಂದರೆ ಫೂಲ್ಮನಿ ಕಂಡೇ ಇರದ ಅಸ್ಸಾಮಿಗೆ ಹೋಗಿ, ಅಲ್ಲಿ ಎಂದೂ ಇಲ್ಲದ ಮನುಷ್ಯ ತನ್ನ ಗಂಡನೇ ಎಂದು, ಅವನನ್ನು ಕಂಡಿಲ್ಲದ ಅಧಿಕಾರಿಯಿಂದ ಬರೆಸಿಕೊಂಡು ಬರಬೇಕು! ಇದನ್ನು ಬರೆದವರು ಬರೆದ ಮೇಲೆ ಒಮ್ಮೆ ಓದಿಕೊಂಡರೇ? ಪೊಲೀಸರ ಪತ್ರವಿದೆ, ಹೆಂಡತಿಯೇ ಗುರುತಿಸಿದ್ದಾಳೆ, ಅವನ ಆಧಾರ್ ಕಾರ್ಡಿನಲ್ಲೂ ಅದೇ ಮುಖವಿದೆ. ಸುಳ್ಳನ್ನು ಒಂದು ಕ್ಷಣದಲ್ಲಿ ಒಪ್ಪಿಕೊಂಡ ಕಚೇರಿಗೆ ಸತ್ಯವನ್ನು ಒಪ್ಪಲು ಇನ್ನೆಷ್ಟು ಕಾಗದ ಬೇಕು?

ಆ ಉತ್ತರವನ್ನು ಓದಿ ಹೇಳಿ ಎಂದು ಸುಬ್ಬಿಯೇ ತಂದಳು. ಉತ್ತರ ಬರಲೆಂದು ನಿತೀಶ್ ಸುಬ್ಬಿಯ ವಿಳಾಸ ಕೊಟ್ಟು ಹೋಗಿದ್ದ. ಓದಿ ಹೇಳಿದೆ. ಖಾನೆಯ ಬೀಗ ತೆಗೆದು ಆ ಚೂರನ್ನು ಅವಳ ಕೈಗಿಟ್ಟೆ. ಅವಳಿಗೆ ಓದಲು ಬಾರದು. ಏನೆಂದು ನಾನೇ ಹೇಳಿದೆ. ಯಾವಾಗಿನಿಂದ ಇಟ್ಟುಕೊಂಡಿದ್ದೇನೆಂದೂ ಹೇಳಿದೆ.

"ನಾನಿದ್ನ ಅವಳಿಗೆ ಹೇಳಿದ್ರೆ ಚಾಡಿ ಆಗತ್ತೆ ಅಮ್ಮಾ. ನೀವೇ ಹೇಳಿ" ಎಂದು ಚೂರನ್ನು ಮೇಜಿನ ಮೇಲಿಟ್ಟು ಹೋದಳು. ಅಂದಿನಿಂದ ಅವಳು ನನ್ನ ಅಂಗಡಿಗೆ ಬಂದಿಲ್ಲ. ಪಿಂಚಣಿ ವಿಚಾರಿಸಲು ಎದುರಿನ ಇನ್ನೊಂದು ಅಂಗಡಿಗೆ ಹೋಗುವುದನ್ನು ಇಲ್ಲಿಂದಲೇ ನೋಡುತ್ತೇನೆ.

ಹೇಳಿದೆ. ಕಳೆದ ಭಾನುವಾರ, ಅಂಗಡಿ ಬಾಗಿಲು ಎಳೆದುಕೊಂಡು, ಸುಕ್ರಾ ಬರೆಸಿ ಕೊಟ್ಟ ಅದೇ ನಂಬರಿಗೆ ಫೋನ್ ಮಾಡಿದೆ. ನಿತೀಶ್ ಎತ್ತಿದ. ಹೆಸರು ಬದಲಿಸಿದ್ದು, ಮೂರು ಸಲ ವಾಪಸ್ ಕಳಿಸಿದ್ದು, ಪೊಲೀಸರಿಗೆ ಇಲ್ಲ ಎಂದದ್ದು, ಎಲ್ಲವನ್ನೂ ಹೇಳಿದೆ. ಅವನು ಒಂದೊಂದನ್ನೇ ತಮ್ಮ ಭಾಷೆಯಲ್ಲಿ ಅತ್ತಿಗೆಗೆ ಹೇಳುತ್ತಿದ್ದ. ಬೈಯಲಿ, ಶಪಿಸಲಿ, ಫೋನ್ ಇಟ್ಟುಬಿಡಲಿ ಎಂದು ಕಾದೆ.

"ಭಾಭಿ ಕೇಳ್ತಾಳೆ" ಎಂದ ನಿತೀಶ್. "ನಿಮ್ಮ ಅಂಗಡಿಗೆ ಬಂದಾಗ ಅವ್ನು ಹೇಗಿದ್ದ? ತೆಳ್ಳಗಾಗಿದ್ನಾ?"

ಕೊನೆಯ ತಿಂಗಳುಗಳಲ್ಲಿ ಅವನನ್ನು ಎದುರೆದುರು ನೋಡಿದವರಲ್ಲಿ ನಾನೂ ಒಬ್ಬಳು. ನೀಲಿ ಅಂಗಿ ಹಾಕಿದ್ದ, ಇಸ್ತ್ರಿ ಮಾಡಿತ್ತು ಎಂದೆ. ತಲೆಗೆ ಎಣ್ಣೆ ಹಾಕಿದ್ದ. ಕನ್ನಡ ಚೆನ್ನಾಗಿ ಮಾತಾಡಿದ. ಒಂದು ಸಲವೂ ಸಿಟ್ಟು ಮಾಡಲಿಲ್ಲ. ನಾನು ಹೇಳುತ್ತಾ ಹೋದ ಹಾಗೆ ಆಕೆ ಇನ್ನೂ ಕೇಳುತ್ತಾ ಹೋದಳು. ಕೊನೆಗೆ ಅಳುವುದು ಕೇಳಿಸಿತು. ನನ್ನನ್ನು ಕ್ಷಮಿಸಿದ್ದೇನೆ ಎಂದು ಆಕೆ ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಆಗಲಿಲ್ಲ. "ಕಾಗಜ್ ಕಳಿಸಿ" ಎಂದಷ್ಟೇ ಹೇಳಿಸಿದಳು.

ಸರಿಯಾದ ಹೆಸರಿರುವ ಆ ಕಾಗದ ಕೊಡುವುದು ನಿಮ್ಮ ಕೈಯಲ್ಲಿದೆ, ಮಾನ್ಯರೇ. ಸುಕ್ರಾ ಕೊಟ್ಟ ಚೂರನ್ನೂ, ನೋಟರಿ ವಕೀಲರ ಮುಂದೆ ಮಾಡಿದ ನನ್ನ ಪ್ರಮಾಣ ಪತ್ರವನ್ನೂ ಇದರ ಜೊತೆ ಇಟ್ಟಿದ್ದೇನೆ. ಬರುವ ಸೋಮವಾರ ಕಚೇರಿ ತೆರೆಯುವ ಹೊತ್ತಿಗೆ ನಾನು ನಿಮ್ಮ ಬಾಗಿಲಲ್ಲಿರುತ್ತೇನೆ. ಸುಕುಮಾರ್ ರಾವ್‌ನನ್ನು ಪುಸ್ತಕದಿಂದ ತೆಗೆಯಿರಿ, ಸುಕ್ರಾ ಓರಾಂವ್‌ನನ್ನು ಅವನ ಊರಿನ ಹೆಸರಿನೊಂದಿಗೆ ಬರೆಯಿರಿ. 'ಕಣ್ತಪ್ಪಿನಿಂದ' ಎಂಬ ಪದವನ್ನು ಹೊಡೆದು ಅಲ್ಲಿ ನನ್ನ ಹೆಸರು ಹಾಕಿ. ಉಳಿದ ಹತ್ತು ಜನ ಇನ್ನೂ ಜೇಬಿನಲ್ಲಿ ಅದೇ ಸುಳ್ಳು ಊರನ್ನು ಇಟ್ಟುಕೊಂಡು ಓಡಾಡುತ್ತಿದ್ದಾರೆ. ಅವರನ್ನು ಹುಡುಕಿಸಿ, ಎದುರಿಗೆ ಕೂರಿಸಿಕೊಂಡು, ಊರು ಯಾವುದೆಂದು ಅವರ ಬಾಯಿಂದಲೇ ಕೇಳಿ ಬರೆಸಿ. ನನ್ನ ಲೈಸೆನ್ಸ್ ರದ್ದು ಮಾಡುವುದಿದ್ದರೆ ಮಾಡಿ, ಕೇಸು ಹಾಕುವುದಿದ್ದರೆ ಹಾಕಿ. ಆದರೆ ಆಮೇಲೆ ಬಾ ಎಂದು ಮಾತ್ರ ಹೇಳಬೇಡಿ. ಗುಮ್ಲಾದ ಆ ಮನೆಯಲ್ಲಿ ಎತ್ವಾರಿ ಎಂಬ ಮಗು ಈ ವರ್ಷ ಶಾಲೆಗೆ ಸೇರಬೇಕು. ಅಪ್ಪ ಇದ್ದಾನೋ ಇಲ್ಲವೋ ಎಂದು ಅರ್ಜಿಯಲ್ಲಿ ಏನು ಬರೆಯಬೇಕೆಂದು ಅವಳ ಅಮ್ಮನಿಗೆ ಇನ್ನೂ ಗೊತ್ತಿಲ್ಲ.

ಇಂತಿ,
ಗೊತ್ತಿದ್ದೂ 'ಇಲ್ಲ' ಎಂದವಳು,
ವೀರಬಸಮ್ಮ,
ನಿಮ್ಮ ಕಚೇರಿಯ ಎದುರಿನ ಅಂಗಡಿ